ಎರಡು ಬಡಿತಕ್ಕೆ ಹೊರಟ ಗಾಡಿ

ನಮ್ಮ ಅತ್ತೆ ಪಾಸ್‌ಪೋರ್ಟಿನ ಫೋಟೊ ತೆಗೆಸಿಕೊಳ್ಳುವ ಮೊದಲೇ ಷರತ್ತು ಹಾಕಿದ್ದರು. "ಇಬ್ಬರೂ ಮಕ್ಕಳು ಒಂದ ಗಾಡ್ಯಾಗ ಕುಂತ್ರ ನಾ ಬರ್ತೇನಿ. ಇಲ್ಲಂದ್ರ ಆ ನ್ಯೂಜಿಲೆಂಡ್ ಅಲ್ಲೇ ಇರ್ಲಿ, ನಾ ಇಲ್ಲೇ ಇರ್ತೇನಿ."

ಹೇಳಲು ಸುಲಭ. ಆ ಇಬ್ಬರು ಮಕ್ಕಳಲ್ಲಿ ಹಿರಿಯವರು ನಮ್ಮ ಮನೆಯವರು, ಸಿದ್ದಲಿಂಗ, ಹತ್ತಿ ವ್ಯಾಪಾರಸ್ಥರು. ಕಿರಿಯವನು ನನ್ನ ಮೈದುನ ಬಸವರಾಜ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾನೆ. ಗೋಪನಕೊಪ್ಪದಲ್ಲಿ ಒಂದೇ ಮನೆ. ನಾವು ಕೆಳಗೆ, ಅವರು ಮೇಲೆ. ನನ್ನ ಮಗಳು ಪಲ್ಲವಿಯ ಮದುವೆಯಾದಾಗಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿಲ್ಲ. ಮೂರು ವರ್ಷ! ಆಸ್ತಿಗಾಗಿ ಬಾಯಿ ಬಂದ್ ಮಾಡಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವರು ಬಾಯಿ ಬಂದ್ ಮಾಡಿಕೊಂಡದ್ದು ಲಗ್ನಪತ್ರಿಕೆಗಾಗಿ. ಪತ್ರಿಕೆಯ ಕೆಳಗೆ ಬಂಧುಗಳ ಹೆಸರು ಹಾಕುತ್ತಾರಲ್ಲ, ಅಲ್ಲಿ ನನ್ನ ತವರಿನ ದೂರದ ಸೋದರಮಾವನ ಹೆಸರಿತ್ತು, ಇನ್ನೂ ಶಾಲೆಗೆ ಹೋಗದ ಚಿಳ್ಳೆಪಿಳ್ಳೆಗಳ ಹೆಸರಿತ್ತು, ಹುಡುಗಿಯ ಖಾಸಾ ಕಾಕಾ ಬಸವರಾಜನ ಹೆಸರು ಮಾತ್ರ ಇರಲಿಲ್ಲ. ಪ್ರೆಸ್ಸಿನವರ ತಪ್ಪು ಎಂದರು ಇವರು. ಅಚ್ಚಿಗೆ ಹೋಗುವ ಮೊದಲು ಓದಿ ನೋಡಿದವರು ಯಾರು ಎಂದ ಅವನು. ಮದುವೆಯಲ್ಲಿ ಅಡುಗೆಯವರ ಬೆನ್ನು ಹತ್ತಿ ಕೊನೆಯ ಪಂಕ್ತಿ ಏಳುವವರೆಗೂ ನಿಂತು ಮಾಡಿದ. ಮರುದಿನದಿಂದ ಅಣ್ಣನ ಜೊತೆ ಮಾತು ಬಿಟ್ಟ.

ಅಲ್ಲಿಂದ ನಾನು ಮನೆಯ ಟಪಾಲಿನವಳಾದೆ. "ಮೋಟರ್ ಬಂದ್ ಮಾಡ್ರಿ ಅಂತ ಮ್ಯಾಲಿನವ್ರಿಗೆ ಹೇಳು" ಎಂದು ಇವರು. "ಆಗಲೇ ಬಂದ್ ಮಾಡೇನಿ ಅಂತ ಕೆಳಗಿನವ್ರಿಗೆ ಹೇಳ್ರಿ ವೈನಿ" ಎಂದು ಅವನು. ಹೀಗೆ ಹೇಳುವಾಗ ಇಬ್ಬರೂ ಒಂದೇ ಅಂಗಳದಲ್ಲಿ ನಿಂತಿರುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಜೀವನವಿಡೀ ಕಂಡವರ ಕಿರಿಕಿರಿ ಸಹಿಸಿ ನಿವೃತ್ತಳಾದ ನನಗೆ ಮನೆಯಲ್ಲಿ ಈ ಕೌಂಟರು ಬೇರೆ.

ಪಲ್ಲವಿ ಈಗ ಗಂಡನ ಜೊತೆ ಕ್ರೈಸ್ಟ್‌ಚರ್ಚಿನಲ್ಲಿದ್ದಾಳೆ. ತನ್ನ ಮದುವೆಯಿಂದಲೇ ಮನೆ ಒಡೆಯಿತು ಎಂಬ ಸಂಕಟ ಅವಳಿಗೆ. ತನಗೆ ರಜೆಯಿಲ್ಲದ್ದರಿಂದ ಅತ್ತೆ, ಅಣ್ಣ ತಮ್ಮ, ನಾನು, ನಮ್ಮ ನಾಲ್ಕು ಜನಕ್ಕೇ ಒಂದು ಮನೆಗಾಡಿ ಗೊತ್ತು ಮಾಡಿದಳು. ಮಲಗುವುದು, ಅಡುಗೆ, ಸ್ನಾನ ಎಲ್ಲ ಅದರೊಳಗೇ. "ಒಂದ ಡಬ್ಬ್ಯಾಗ ಹಾಕಿ ಮುಚ್ಚಳ ಮುಚ್ಚಿದ್ರ ಮಾತಾಡ್ದ ಎಲ್ಲಿ ಹೋಗ್ತಾರಮ್ಮ?" ಎಂದಳು. ಬಸವರಾಜನ ಹೆಂಡತಿಗೆ ಮಕ್ಕಳ ಪರೀಕ್ಷೆ. ಆದರೂ ಗಂಡನ ಬ್ಯಾಗು ಅವಳೇ ತುಂಬಿ, ಅವನನ್ನು ಹೆಚ್ಚುಕಡಿಮೆ ದಬ್ಬಿಯೇ ಕಳಿಸಿದಳು. ಅತ್ತೆಯ ಆಸೆ ಮನೆಮಂದಿಗೆಲ್ಲ ಗೊತ್ತಿತ್ತು. ತಾನು ಕಣ್ಣು ಮುಚ್ಚುವ ಮೊದಲು ಈ ಇಬ್ಬರೂ ಒಬ್ಬರನ್ನೊಬ್ಬರು ಬಾಯಿ ತುಂಬ ಕರೆಯಬೇಕು. ಬೆಟ್ಟ, ಹಿಮ ಎಲ್ಲ ಆಮೇಲಿನ ಮಾತು.

ಕ್ರೈಸ್ಟ್‌ಚರ್ಚ್

ಆ ದೇಶಕ್ಕೆ ಬಾಂಬಿಗಿಂತ ಬೀಜದ ಭಯ ಹೆಚ್ಚು. ವಿಮಾನ ನಿಲ್ದಾಣದಲ್ಲಿ ಬೂಟಿನ ಅಡಿಯ ಮಣ್ಣನ್ನೂ ನೋಡುತ್ತಾರೆ. ನಮ್ಮ ಹತ್ತಿರವೋ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅತ್ತೆಯ ಪೂಜೆಯ ವಿಭೂತಿ, ಬಿಲ್ವಪತ್ರೆ. ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಬರೆದು ತೋರಿಸಿದೆವು. ಅಧಿಕಾರಿ ಹುಡುಗಿ ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದಳು, ಬೆರಳಿನಿಂದ ತಟ್ಟಿದಳು, ಇದು ತಿನ್ನುವ ವಸ್ತುವೇ ಎಂದು ಕೇಳಿದಳು. "ಮುರದು ಬಾಯಾಗ ಇಟಗೋ ಅಂತ ಹೇಳ ಗಿರಿಜಾ ಆಕಿಗೆ" ಎಂದರು ಅತ್ತೆ. ನಾನು ಹೇಳಲಿಲ್ಲ. ಹುಡುಗಿ ಬಿಲ್ವಪತ್ರೆಯನ್ನಷ್ಟೇ ತಡೆದು ಇಟ್ಟುಕೊಂಡು, ಉಳಿದದ್ದನ್ನೆಲ್ಲ ನಕ್ಕು ಬಿಟ್ಟಳು.

ಮನೆಗಾಡಿ ಬಾಡಿಗೆಗೆ ಕೊಡುವ ಅಂಗಳದಲ್ಲಿ ಒಬ್ಬ ತರುಣಿ ಎಲ್ಲ ತೋರಿಸಿದಳು. ಗಾಡಿ ನಮ್ಮ ಮಿನಿಬಸ್ಸಿನಷ್ಟು ದೊಡ್ಡದು. ಅಲ್ಲೂ ರಸ್ತೆಯ ಎಡಗಡೆಗೇ ಓಡಿಸುವುದು, ಅಷ್ಟು ಅನುಕೂಲ. ಹಿಂದೆ ತೆಗೆದುಕೊಳ್ಳುವಾಗ ನೋಡಲು ಡ್ರೈವರಿನ ಮುಂದೆ ಒಂದು ಪುಟ್ಟ ಪರದೆ. ನಮ್ಮ ಮನೆಯವರು ಅದರ ಮೇಲೆ ಕರವಸ್ತ್ರ ಹಾಕಿಬಿಟ್ಟರು. "ಟಿವಿ ನೋಡ್ಕೋತ ಗಾಡಿ ಹಿಂದ ತಗೊಳ್ಳೂದಂದ್ರ ಏನು? ಹಿಂದ ಒಂದ ಮನಷ್ಯಾ ನಿಂದ್ರಬೇಕು."

ಇದು ಹತ್ತಿ ಮಾರುಕಟ್ಟೆಯ ಪದ್ಧತಿ. ಹತ್ತಿ ತುಂಬಿದ ದೊಡ್ಡ ಚೀಲಗಳ, ಅಂದರೆ ಅಂಡಿಗೆಗಳ, ಹೇರು ಹೊತ್ತ ಲಾರಿಯ ಡ್ರೈವರಿಗೆ ಹಿಂದಿನದು ಏನೂ ಕಾಣುವುದಿಲ್ಲ. ಹಿಂದೆ ನಿಂತ ಹಮಾಲ ಲಾರಿಯ ಬಾಜುವಿಗೆ ಅಂಗೈಯಿಂದ ಬಡಿಯುತ್ತಾನೆ. ಒಂದು ಬಡಿತ ಅಂದರೆ ನಿಲ್ಲು. ಎರಡು ಬಡಿತ ಅಂದರೆ ಹೋಗು. ತೀರಿಕೊಂಡ ನಮ್ಮ ಮಾವ ಇದನ್ನು ಇಬ್ಬರು ಮಕ್ಕಳಿಗೂ ಸಣ್ಣವರಿದ್ದಾಗಲೇ ಕಲಿಸಿದ್ದರು. ಸರಿ, ಬಸವರಾಜ ಯಾರೂ ಹೇಳದೆ ಇಳಿದು ಹಿಂದೆ ಹೋಗಿ ನಿಂತ. ಧಡ್ ಧಡ್ ಎಂದು ಬಡಿದ. ಗಾಡಿ ಚಲಿಸಿತು. ಧಡ್ ಎಂದ. ನಿಂತಿತು. ಗಾಡಿ ತೋರಿಸಿದ ತರುಣಿ ತನ್ನ ಗಾಡಿಗೆ ಹೊಡೆಯುತ್ತಿದ್ದಾನೆಂದು ಗಾಬರಿಯಾಗಿ ಓಡಿ ಬಂದಳು. ಅತ್ತೆ ಮಾತ್ರ ನನ್ನ ತೋಳು ಚಿವುಟಿ, "ನೋಡಲೇ, ಮಾತಾಡಾಕತ್ತಾರ" ಎಂದರು. ಮೂರು ವರ್ಷದಲ್ಲಿ ಅವರಿಬ್ಬರ ನಡುವೆ ಟಪಾಲಿನವಳಿಲ್ಲದೆ ನಡೆದ ಮೊದಲ ವ್ಯವಹಾರ ಅದು. ಅಲ್ಲಿಂದ ಮುಂದೆ ಪ್ರತಿ ಸಲ ಗಾಡಿ ಹತ್ತುವಾಗ ಬಸವರಾಜ ಬಾಜುವಿಗೆ ಎರಡು ಬಡಿಯುವುದು, ಇವರು ಹೊರಡುವುದು ರೂಢಿಯಾಯಿತು.

ಟೆಕಾಪೊ ಸರೋವರ

ನೀರು ಇಷ್ಟು ನೀಲಿ ಇರಬಾರದು, ಯಾರೋ ಬಟ್ಟೆಗೆ ಹಾಕುವ ನೀಲಿ ಸುರಿದಿದ್ದಾರೆ ಎಂದು ಅತ್ತೆ ದಂಡೆಗೆ ಹೋಗಿ ಬೊಗಸೆಯಲ್ಲಿ ತೆಗೆದು ನೋಡಿ ಬಂದರು. ದಂಡೆಯ ತುಂಬ ನೇರಳೆ, ಗುಲಾಬಿ ಬಣ್ಣದ ಹೂವಿನ ಕೊಂಬುಗಳು. ಇಲ್ಲಿನವರಿಗೆ ಇದು ಕಳೆ, ಹಬ್ಬಿ ಹಾಳು ಮಾಡುತ್ತದೆಂದು ಬೈಯುತ್ತಾರೆ ಎಂದು ಪಲ್ಲವಿ ಫೋನಿನಲ್ಲಿ ಹೇಳಿದಳು. "ಕಳೆ ಅಂದ್ರ ಕೇಳಾವ್ರಿಲ್ಲ ಅಂದಂಗಾತು" ಎಂದು ಅತ್ತೆ ಮರುದಿನದ ಪೂಜೆಗೆ ಸೆರಗು ತುಂಬಿಕೊಂಡರು.

ದಾರಿಯುದ್ದಕ್ಕೂ ಕುರಿಗಳು. ಒಂದು ಕಡೆ ತಂತಿಬೇಲಿಗೆ ಉಣ್ಣೆಯ ಎಳೆಗಳು ಸಿಕ್ಕಿಕೊಂಡಿದ್ದವು. ಇವರು ಒಂದು ಎಳೆ ಕಿತ್ತು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಜಗ್ಗಿ ನೋಡಿದರು, ಹತ್ತಿಯನ್ನು ನೋಡುವ ಹಾಗೆ. "ಎಳಿ ಛಲೋ ಐತಿ" ಎಂದು ನನಗೆ ಹೇಳಿದರು. ನಾನು ತಿರುಗಿ ನೋಡಿದರೆ ಬೇಲಿಯ ಆ ತುದಿಯಲ್ಲಿ ಬಸವರಾಜನೂ ಒಂದು ಎಳೆ ಹಿಡಿದು ಹಾಗೆಯೇ ಜಗ್ಗುತ್ತಿದ್ದ. ಕಾರ್ಖಾನೆಯಲ್ಲಿ ಕಬ್ಬಿಣ ಕೊರೆಯುವವನಿಗೆ ಇನ್ನೂ ಬೆರಳಿನಲ್ಲಿ ಅಪ್ಪನ ಅಂಗಡಿ. ನನಗೆ ಇಬ್ಬರನ್ನೂ ಕಿವಿ ಹಿಡಿದು ಎದುರುಬದುರು ನಿಲ್ಲಿಸಬೇಕೆನಿಸಿತು. ಆದರೆ ಅರವತ್ತು ದಾಟಿದ ಗಂಡನ ಕಿವಿಯನ್ನು ಪರದೇಶದ ರಸ್ತೆಯಲ್ಲಿ ಹಿಡಿಯುವುದು ಹೇಗೆ?

ಮೌಂಟ್ ಕುಕ್

ಗಾಡಿಯಲ್ಲಿ ಸಂಸಾರ ಹೂಡಿದ ಕೂಡಲೇ ಅತ್ತೆಗೂ ಗಾಡಿಗೂ ಜಗಳ. ಒಲೆಯ ಬಾಜುವಿಗೇ ಸಂಡಾಸಿನ ಬಾಗಿಲು! "ಇದನ್ನ ಕಟ್ಟಿದಾವ್ನ ಮನ್ಯಾಗ ಹಿರೇರು ಇಲ್ಲೇನ?" ಎಂದು ಕೇಳಿ, ಆ ಬಾಗಿಲಿಗೆ ಅಡ್ಡ ಒಂದು ಟವೆಲ್ ಕಟ್ಟಿ, ಯಾರೂ ಹೋಗಕೂಡದು ಎಂದು ಹುಕುಂ ಮಾಡಿದರು. ಊಟದ ಪ್ರಶ್ನೆ, ನಾವೂ ಒಪ್ಪಿದೆವು. ಹಾಗಾಗಿ ಆ ದೇಶದ ಸಾರ್ವಜನಿಕ ಶೌಚಾಲಯಗಳ ಬಗ್ಗೆ ನನಗಿರುವಷ್ಟು ಜ್ಞಾನ ಬೆಟ್ಟಗಳ ಬಗ್ಗೆ ಇಲ್ಲ. ಒಂದು ಮಾತು ಹೇಳಬೇಕು: ನಿರ್ಜನ ದಾರಿಯಲ್ಲೂ ಸ್ವಚ್ಛವಾಗಿದ್ದವು, ಕಾಗದವೂ ಇತ್ತು. ನಮ್ಮ ಹಳೇ ಬಸ್ ನಿಲ್ದಾಣ ನೆನಪಾಗಿ ನಿಟ್ಟುಸಿರು ಬಿಟ್ಟೆ.

ಅಲ್ಲಿನವರ ಇನ್ನೊಂದು ಅಭ್ಯಾಸ ಇವರಿಗೆ ಬಹಳ ಹಿಡಿಸಿತು. ಎದುರು ಬರುವ ಗಾಡಿಯವರು ಸ್ಟೇರಿಂಗಿನಿಂದ ಒಂದು ಬೆರಳೆತ್ತಿ ಸಲಾಂ ಮಾಡುತ್ತಾರೆ. ಇವರು ಪ್ರತಿಯಾಗಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡತೊಡಗಿದರು. "ಸ್ಟೇರಿಂಗ್ ಬಿಡಬ್ಯಾಡ್ರಿ, ನಮ್ಮ ಜೀವಕ್ಕೂ ನಮಸ್ಕಾರ ಹೇಳಿಸ್ತೀರಿ" ಎಂದು ನಾನು ಚೀರಿದ ಮೇಲೆ ಒಂದು ಕೈಗೆ ಇಳಿಸಿದರು.

ಬೆಳಿಗ್ಗೆ ಮಡಚುವ ಮೇಜಿನ ಮೇಲೆ ಅತ್ತೆ ಇಷ್ಟಲಿಂಗ ಪೂಜೆಗೆ ಕುಳಿತರು. ಎದುರಿನ ಕಿಟಕಿಯ ತುಂಬ ಆ ಬಿಳಿ ಬೆಟ್ಟ. ಪೂಜೆ ಮುಗಿಸಿ ಬಹಳ ಹೊತ್ತು ಅದನ್ನೇ ನೋಡಿ, "ಇಷ್ಟ ಛಂದ ಜಾಗಾದಾಗ ತಂದು ಕುಂಡ್ರಿಸೀರಿ, ಊಟ ಮಾಡೂ ಮುಂದ ಒಬ್ಬ ಒಳಗ, ಒಬ್ಬ ಹೊರಗ. ನನಗ ತುತ್ತು ಇಳೀವಲ್ದು" ಎಂದರು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಬೆಟ್ಟ ನೋಡಿದರು.

ಗಾಡಿ ಓಡುವಾಗ ಎಲ್ಲರೂ ಬೆಲ್ಟ್ ಕಟ್ಟಿ ಕೂರಬೇಕು ಎನ್ನುವುದು ಅಲ್ಲಿನ ಕಾನೂನು. ಬಸವರಾಜ ಮೊದಲ ದಿನ ಕೂತ. ಆಮೇಲೆ ಅಣ್ಣನ ಬೆನ್ನು ನೋಡಿ ನೋಡಿ ಸಾಕಾಗಿ, ಡ್ರೈವರಿನ ತಲೆಯ ಮೇಲಿದ್ದ ಅಟ್ಟದ ಹಾಸಿಗೆಗೆ ಹತ್ತಿ ಪರದೆ ಎಳೆದುಕೊಂಡುಬಿಟ್ಟ. "ಪೊಲೀಸರು ಹಿಡೀತಾರೋ ಬಸೂ" ಎಂದರೆ ಕೇಳಲಿಲ್ಲ. ಹೀಗೆ ಗಾಡಿಯಲ್ಲೂ ಮೇಲಿನವರು, ಕೆಳಗಿನವರು ಆದರು. ಗೋಪನಕೊಪ್ಪವನ್ನೇ ಗಾಲಿಯ ಮೇಲೆ ಇಟ್ಟು ಓಡಿಸಿದ ಹಾಗಿತ್ತು.

ಲಿಂಡಿಸ್ ಘಾಟು

ಘಾಟು ಅಂದರೆ ನಮ್ಮ ಕಣ್ಣಿಗೆ ಕಾಡು, ಜಲಪಾತ, ಮಂಗ. ಇದು ಹಾಗಲ್ಲ. ಗಿಡವಿಲ್ಲ, ಮನೆಯಿಲ್ಲ, ಕಂದು ಬಣ್ಣದ ಒಣ ಹುಲ್ಲು ಹೊದ್ದ ಗುಡ್ಡಗಳು ಒಂದರ ಹಿಂದೊಂದು. ತುದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿತ್ತು. ಇಳಿದೆವು. ಅಬ್ಬಾ ಆ ಗಾಳಿ! ಸೆರಗನ್ನು ನಾನು ಹಿಡಿದುಕೊಂಡೆನೋ, ಸೆರಗೇ ನನ್ನನ್ನು ಹಿಡಿದುಕೊಂಡಿತೋ ಗೊತ್ತಿಲ್ಲ. ನಾಲ್ಕು ಫೋಟೊ ಹೊಡೆದು, ನಡುಗುತ್ತ ಎಲ್ಲರೂ ಗಾಡಿಯ ಕಡೆ ಬಂದೆವು. ಎಲ್ಲರೂ ಎಂದು ನಾನು ತಿಳಿದೆ.

ಇವರು ಸೀಟಿನಲ್ಲಿ ಕುಳಿತು ಇಂಜಿನ್ ಚಾಲೂ ಮಾಡಿದ್ದರು. ನಾನು ಮೊದಲು ಹತ್ತಿ ಅತ್ತೆಗೆ ಕೈ ಕೊಟ್ಟೆ. ಮೊಮ್ಮಗಳು ಕೊಡಿಸಿದ ಕ್ಯಾನ್ವಾಸ್ ಬೂಟಿನಲ್ಲಿ ಹರಳು ಸೇರಿತ್ತು. ಅತ್ತೆ ಒಂದು ಬೂಟು ಕಳಚಿ ಗಾಡಿಯ ಬಾಜುವಿಗೆ ಬಡಿದು ಝಾಡಿಸಿದರು, ಹಾಕಿಕೊಂಡರು, ಒಳಗೆ ಬಂದರು. ನಾನು ಬಾಗಿಲು ಎಳೆದು ಅತ್ತೆಗೆ ಬೆಲ್ಟ್ ಕಟ್ಟಿದೆ. ಗಾಡಿ ಹೊರಟಿತು. ಅಟ್ಟದ ಪರದೆ ಎಂದಿನಂತೆ ಮುಚ್ಚಿತ್ತು.

ಟ್ಯಾರಸ್

ಘಾಟು ಇಳಿದು ಎಷ್ಟೋ ದೂರ ಬಂದ ಮೇಲೆ ಸಿಕ್ಕ ಸಣ್ಣ ಊರು. ಒಂದು ಅಂಗಡಿ, ಅದರ ಮುಂದೆ ಬೆಂಚು. ಚಹಾ ಕಾಸಿದೆ. ಅತ್ತೆ ರೊಟ್ಟಿ ಮುರಿದು, ಚಟ್ನಿ, ಮೊಸರು ಹಾಕಿ, "ಬಸೂ, ತಿನ್ನ ಬಾರೋ" ಎಂದರು. ಅಟ್ಟದ ಪರದೆ ಸರಿಯಲಿಲ್ಲ. ಮತ್ತೆ ಕರೆದರು. ಇಲ್ಲ.

ಇವರು ನನ್ನ ಕಡೆ ತಿರುಗಿ, "ಸಿಟ್ಟ ಮಾಡೂದಿದ್ರ ಉಂಡು ಮಾಡ್ಲಿ ಅಂತ ಮ್ಯಾಲಿನವ್ರಿಗೆ ಹೇಳು" ಎಂದರು.

ನಾನು ಏಣಿ ಹತ್ತಿ ಪರದೆ ಸರಿಸಿದೆ. ದಿಂಬು ಇತ್ತು. ಸ್ವೆಟರ್ ಇತ್ತು. ಚಾರ್ಜಿಗೆ ಹಾಕಿದ ಫೋನ್ ಇತ್ತು. ಬಸವರಾಜ ಇರಲಿಲ್ಲ.

"ಅವ ಇಲ್ಲರಿ" ಎಂದೆ.

"ಇಲ್ಲಂದ್ರ? ಎಲ್ಲಿ ಹೋಗ್ತಾನ?" ಇವರು ತಾವೇ ಹತ್ತಿ ನೋಡಿದರು, ದಿಂಬು ಎತ್ತಿ ನೋಡಿದರು. ಟವೆಲ್ ಕಿತ್ತೆಸೆದು ಸಂಡಾಸಿನ ಬಾಗಿಲನ್ನೂ ತೆಗೆದರು. "ಎರಡ ಬಡದ್ನಲ್ಲ! ಧಡ್ ಧಡ್ ಅಂತ ನಾ ಖರೇ ಕೇಳೇನಿ!"

ಆಗ ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆಯ ಕಣ್ಣು ನಿಧಾನವಾಗಿ ತಮ್ಮ ಬೂಟಿಗೆ ಇಳಿಯಿತು. ಕೈಯಲ್ಲಿದ್ದ ರೊಟ್ಟಿ ಚೂರುಚೂರಾಯಿತು.

ಗಾಡಿ ತಿರುಗಿಸಲು ಹಿಂದೆ ತೆಗೆದುಕೊಳ್ಳಬೇಕಿತ್ತು, ಹಿಂದೆ ನಿಲ್ಲಲು ಮನುಷ್ಯನಿಲ್ಲ. ನಾನೇ ಇಳಿದು ನಿಂತು ಬಡಿದೆ. ಆಮೇಲೆ ಘಾಟಿನ ದಾರಿ ಮೇಲೇರುವವರೆಗೂ ಇವರು ಬಾಯಿ ಮುಚ್ಚಲಿಲ್ಲ. ಮೂರು ವರ್ಷ ತಮ್ಮನ ಹೆಸರೆತ್ತದ ಮನುಷ್ಯ! "ಅವಗ ಥಂಡಿ ತಡಿಯಂಗಿಲ್ಲ. ಸಣ್ಣಾವಿದ್ದಾಗ ಎದಿ ಕಟ್ಟಿತ್ತು, ನಾ ಬೆನ್ನ ಮ್ಯಾಲ ಹೊತಗೊಂಡು ದವಾಖಾನಿಗೆ ಹೋಗಿದ್ದೆ. ಸ್ವೆಟರ್ ಇಲ್ಲ, ಫೋನ್ ಇಲ್ಲ. ಆ ಗಾಳ್ಯಾಗ..." ಒಂದು ತಿರುವು ದಾಟಿ, "ಒಂದ ಮಾತು ಕೇಳಿದ್ರ ಆಗತಿತ್ತು, ಗಿರಿಜಾ. ಕುಂತಿಯೇನಲೇ ಅಂತ ಒಂದ ಮಾತು. ಕೇಳಲಿಲ್ಲ ನಾ" ಎಂದರು. ಎದುರಿನ ಗಾಡಿಯವರು ಬೆರಳೆತ್ತಿದರು. ಇವರಿಗೆ ಕಾಣಿಸಲೇ ಇಲ್ಲ.

ಹಿಂದಿನ ಸೀಟಿನಲ್ಲಿ ಅತ್ತೆ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ನಾನು ರಸ್ತೆಯ ಎರಡೂ ಬದಿ ನೋಡುತ್ತ ಕುಳಿತೆ. ಮೇಲೆ ಹೋಗಿ ನೋಡಿದಾಗ ಅವನಿಲ್ಲದಿದ್ದರೆ? ಯಾರೋ ಹತ್ತಿಸಿಕೊಂಡು ಇನ್ನೆಲ್ಲಿಗೋ ಹೋಗಿದ್ದರೆ? ಅವನ ಹೆಂಡತಿಗೆ ಯಾವ ಬಾಯಿಯಿಂದ ಹೇಳುವುದು?

ಮತ್ತೆ ಲಿಂಡಿಸ್ ಘಾಟು

ಇದ್ದ. ನಿಲ್ಲಿಸಿದ್ದ ಇನ್ನೊಂದು ಮನೆಗಾಡಿಯ ಮರೆಯಲ್ಲಿ, ಮಡಚುವ ಕುರ್ಚಿಯ ಮೇಲೆ, ಕುತ್ತಿಗೆಯವರೆಗೆ ನಾಯಿಯ ಕೂದಲು ಮೆತ್ತಿದ ಒಂದು ಕಂಬಳಿ ಹೊದ್ದು ಕುಳಿತಿದ್ದ. ಅತ್ತಿತ್ತ ಒಬ್ಬ ಮುದುಕ, ಒಬ್ಬ ಮುದುಕಿ. ಕಾಲ ಬಳಿ ಕಂಬಳಿ ಕಳೆದುಕೊಂಡ ನಾಯಿ. ಬಸವರಾಜನ ಕೈಯಲ್ಲಿ ಚಹಾದ ಮಗ್ಗು. ಗುಡ್ಡದ ಮೇಲಿನ ಕಾಲುದಾರಿಗೆ ಹತ್ತಿ ಫೋಟೊ ತೆಗೆಯಲು ಹೋಗಿ ಫೋನಿಲ್ಲದ್ದು ನೆನಪಾಗಿ ತಿರುಗಿದಾಗ, ನಮ್ಮ ಗಾಡಿ ಕೆಳಗಿನ ತಿರುವಿನಲ್ಲಿ ಮರೆಯಾಗುತ್ತಿತ್ತಂತೆ.

ಇವರು ಇಂಜಿನ್ ಬಂದ್ ಮಾಡದೆ ಇಳಿದು ಓಡಿದರು. ಓಡುತ್ತಲೇ ಕೂಗಿದರು, "ಲೇ ಬಸ್ಯಾ! ಎಲ್ಲಿ ಸತ್ತಿದ್ದೆಲೇ? ಗಾಡಿ ಬಡದು ಎಲ್ಲಿ ಹೋಗಿದ್ದಿ?"

ಬಸವರಾಜ ಕಂಬಳಿ ಸಮೇತ ಎದ್ದು ನಿಂತ. "ನಾ ಎಲ್ಲಿ ಬಡದೇನೋ ಅಣ್ಣಾ? ನಾನ ಬಡದಿದ್ರ ನಾನ ಹೆಂಗ ಉಳೀತಿದ್ದೆ?"

"ನನ್ನ ಕಿವಿಲೆ ಕೇಳೇನಿ! ಎರಡ ಸಲ!"

"ನಿನ್ನ ಕಿವಿ ಗೋಪನಕೊಪ್ಪದಾಗ ಇಟ್ಟ ಬಂದೀ ಏನು? ಒಬ್ಬ ಕಮ್ಮಿ ಅದಾನ ಅಂತ ಕಣ್ಣಿಗೂ ಕಾಣ್ಸಲಿಲ್ಲೇನ? ಲಗ್ನಪತ್ರಿಕ್ಯಾಗ ಬಿಟ್ಟಿ, ಸುಮ್ನಿದ್ದೆ. ಈಗ ಗುಡ್ಡದ ಮ್ಯಾಲೂ ಬಿಟ್ಟು ಹೋದ್ಯಲ್ಲೋ!"

ಅತ್ತೆ ಬೂಟು ತೋರಿಸುತ್ತ ಮುಂದೆ ಹೆಜ್ಜೆ ಇಟ್ಟರು, ಎಲ್ಲ ಹೇಳಿಬಿಡಬೇಕೆಂದು. ನಾನು ಕೈ ಹಿಡಿದು ಜಗ್ಗಿದೆ. "ಸುಮ್ನಿರ್ರಿ ಅತ್ತಿ. ಮಾತಾಡಾಕತ್ತಾರ, ಮಾತಾಡ್ಲಿ." ಅತ್ತೆಗೆ ತಿಳಿಯಿತು. ಬೂಟನ್ನು ಸೀರೆಯ ನೆರಿಗೆಯೊಳಗೆ ಮುಚ್ಚಿಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

ಆ ಮುದುಕಿಗೆ ಗಾಬರಿ. ಹೊಡೆದಾಡುತ್ತಾರೆಯೇ, ಬಿಡಿಸಬೇಕೇ ಎಂದು ನನ್ನನ್ನು ಕೇಳಿದರು. ಇಲ್ಲ, ಮೂರು ವರ್ಷದ ಮೇಲೆ ಮಾತಾಡುತ್ತಿದ್ದಾರೆ, ನಾವು ಪ್ರೀತಿಗೂ ಇಷ್ಟೇ ಗಟ್ಟಿಯಾಗಿ ಮಾತಾಡುವವರು ಎಂದು ನನ್ನ ಬ್ಯಾಂಕಿನ ಇಂಗ್ಲಿಷಿನಲ್ಲಿ ತಿಳಿಸಿದೆ. ಆಗ ಅವರು ಒಂದು ಮಾತು ಹೇಳಿದರು. ಇಷ್ಟು ಚಳಿಯಲ್ಲಿ ಬೇಡ, ಕೆಳಗಿನ ಊರಿಗೆ ಬಿಡುತ್ತೇವೆ ಎಂದು ಗಂಡ ಹೆಂಡತಿ ಎಷ್ಟು ಕರೆದರೂ ಇವನು ಗಾಡಿ ಹತ್ತಲಿಲ್ಲವಂತೆ. ನಾನು ಇಲ್ಲಿಂದ ಕದಲುವುದಿಲ್ಲ, ನನ್ನ ಅಣ್ಣ ಬರುತ್ತಾನೆ, ನಾನಿಲ್ಲದಿದ್ದರೆ ಹುಡುಕುತ್ತಾನೆ ಎಂದನಂತೆ.

ನಾನು ಅದನ್ನು ಅಲ್ಲೇ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ನನ್ನ ಕೊನೆಯ ಟಪಾಲು ಅದು.

ಇವರು ಇನ್ನೆರಡು ಹೆಜ್ಜೆ ಮುಂದೆ ಬಂದರು. ತಮ್ಮ ಮೈಮೇಲಿನ ಸ್ವೆಟರ್ ತೆಗೆದು ತಮ್ಮನ ತಲೆಯ ಮೇಲಿಂದ ತುರುಕಿದರು, ಸಣ್ಣ ಹುಡುಗನಿಗೆ ಅಂಗಿ ಹಾಕುವ ಹಾಗೆ. "ತಪ್ಪಾತೋ ಬಸ್ಯಾ. ಇದೂ ನಂದ ತಪ್ಪು. ಅದೂ ನಂದ ತಪ್ಪು. ಪತ್ರಿಕಿ ನಾ ಓದಿ ನೋಡಿರಲಿಲ್ಲ." ಬಸವರಾಜ ಸ್ವೆಟರಿನೊಳಗಿಂದಲೇ ಏನೋ ಅಂದ. ಏನೆಂದು ತಿಳಿಯಲಿಲ್ಲ, ಅಳುತ್ತಿದ್ದ.

ಮುದುಕ ಮುದುಕಿಗೆ ನಮ್ಮಲ್ಲಿ ಉಳಿದ ರೊಟ್ಟಿ, ಚಟ್ನಿ ಕೊಟ್ಟೆವು. ನಾಯಿಗೆ ಅದರ ಕಂಬಳಿ ಕೊಟ್ಟೆವು.

ವಾನಾಕಾ

ಆ ಸಂಜೆ ಸರೋವರದ ದಂಡೆಯಲ್ಲಿ ನಾಲ್ವರೂ ಒಂದೇ ಮೇಜಿಗೆ ಕೂತು ಉಂಡೆವು. ಅತ್ತೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು. ಬಡಿದವರು ಯಾರು ಎಂಬ ವಾದ ಮಾತ್ರ ಮುಗಿಯಲಿಲ್ಲ. ಕಲ್ಲು ಸಿಡಿದಿರಬೇಕು ಎಂದು ಒಬ್ಬರು, ಗಾಳಿಗೆ ಬಾಗಿಲು ಬಡಿದಿರಬೇಕು ಎಂದು ಒಬ್ಬರು. ಇಂಥ ಗಟ್ಟಿ ವಿಷಯ ಕೈಯಲ್ಲಿರುವಾಗ ಅಣ್ಣ ತಮ್ಮ ಮತ್ತೆ ಮೌನಕ್ಕೆ ಬೀಳುವುದಿಲ್ಲ ಎಂದು ಅತ್ತೆಯೂ ನಾನೂ ಬಾಯಿ ಬಿಡಲಿಲ್ಲ. ಇವತ್ತಿಗೂ ಬಿಟ್ಟಿಲ್ಲ.

ಮರುದಿನದಿಂದ ಬಡಿತದ ಪದ್ಧತಿ ರದ್ದಾಯಿತು. ಬಸವರಾಜ ಅಟ್ಟದಿಂದ ಸೀಟಿಗೆ ಇಳಿದು ಬೆಲ್ಟ್ ಕಟ್ಟಿದ. ಅವನು ಕಣ್ಣೆದುರೇ ಕೂತಿದ್ದರೂ ಇವರು ಇಂಜಿನ್ ಚಾಲೂ ಮಾಡಿ, ಗಿಯರು ಹಾಕುವ ಮೊದಲು ಪ್ರತಿ ಸಲ ಕೂಗುತ್ತಿದ್ದರು, "ಬಸ್ಯಾ, ಕುಂತಿಯೇನಲೇ?" ಅವನು ಹೇಳುತ್ತಿದ್ದ, "ಕುಂತೇನೋ ಅಣ್ಣಾ, ಹೋಗೂಣು."

ಆಮೇಲೂ ಬೆಟ್ಟಗಳಿದ್ದವು, ಹಿಮನದಿ ಇತ್ತು, ಒಂದು ದಿನ ಅತ್ತೆ ಹಿಮವನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡದ್ದೂ ಇತ್ತು. ಆ ಫೋಟೊಗಳೆಲ್ಲ ಪಲ್ಲವಿಯ ಹತ್ತಿರ ಇವೆ.

ಗೋಪನಕೊಪ್ಪ

ಬಂದ ಎರಡನೆಯ ದಿನ ಬೆಳಿಗ್ಗೆ ಇವರು ಮಾರುಕಟ್ಟೆಗೆ ಹೊರಟರು. ಅಂಗಳದಲ್ಲಿ ಕಾರು ಚಾಲೂ ಮಾಡಿದರು. ಕೈ ಗಿಯರಿನ ಮೇಲೆ ಹೋಯಿತು, ನಿಂತಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ರೂಢಿಯಂತೆ ಕೂಗಿದರು, "ಬಸ್ಯಾ, ಕುಂತಿಯೇನಲೇ?"

ಕೂಗಿದ ಮೇಲೆ ಎಲ್ಲಿದ್ದೇನೆಂದು ನೆನಪಾಗಿ ನಾಚಿಕೊಂಡರು. ಹಾಲಿನವನು ನಿಂತು ನೋಡಿದ. ಎದುರುಮನೆಯವರು ಇಣುಕಿದರು. ನಾನೂ ಅತ್ತೆಯೂ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಕತ್ತೆತ್ತಿ ನೋಡಿದೆವು.

ಮೇಲಿನ ಮನೆಯ ಗ್ಯಾಲರಿಯಿಂದ, ಬಾಯಲ್ಲಿ ಟೂತ್‌ಬ್ರಶ್ಶು, ಹೆಗಲ ಮೇಲೆ ಟವೆಲ್ಲು, ಬಸವರಾಜ ಬಗ್ಗಿದ. ಬ್ರಶ್ಶು ತೆಗೆದು, ಇಡೀ ಓಣಿಗೆ ಕೇಳುವ ಹಾಗೆ ಹೇಳಿದ, "ಕುಂತೇನೋ ಅಣ್ಣಾ, ಹೋಗೂಣು!"